‘ರಗ್ ಪುಲ್’ ಕನ್ನವಲ್ಲ, ಹಾಗಾದರೆ ಏನು?

ಸಿಂಧನೂರಿನಿಂದ ಬರೆಯುತ್ತಿದ್ದೇನೆ. ಕ್ರಿಪ್ಟೊ ಟೋಕನ್ ಹುಟ್ಟಿಸಿದವನೇ ಕೊಂಡವರ ರೊಕ್ಕ ಬಾಚಿಕೊಂಡು ಹೊರಡುವುದಕ್ಕೆ ಇಂಗ್ಲಿಷಿನಲ್ಲಿ ‘ರಗ್ ಪುಲ್’ ಎನ್ನುತ್ತಾರೆ; ಅದಕ್ಕೊಂದು ಕನ್ನಡ ಪದ ಹುಡುಕುತ್ತಿದ್ದೇನೆ. ನಮ್ಮ ಓಣಿಯ ಹುಡುಗನೊಬ್ಬ ಭತ್ತ ಮಾರಿದ ರೊಕ್ಕದಲ್ಲಿ ಎಂಬತ್ತು ಸಾವಿರ ಹಾಕಿ ಹೊಸದೊಂದು ಕ್ರಿಪ್ಟೊ ಟೋಕನ್ ಕೊಂಡಿದ್ದ. ಬೆಳಗಾಗುವಷ್ಟರಲ್ಲಿ ಅದರ ಬೆಲೆ ಸೊನ್ನೆಗಿಳಿಯಿತು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಠಾಣೆಗೆ ಅರ್ಜಿ ಬರೆಸಲು ನನ್ನ ಬಳಿ ಬಂದ. ‘ಹಣ ಕಳವಾಗಿದೆ’ ಎಂದು ಬರೆಯುತ್ತಿದ್ದಂತೆ ತಡೆದ: “ಕಳವು ಅಲ್ರಿ ಸರ. ನಾನಽ ಕೈಯಾರೆ ಕೊಟ್ಟೀನಿ. ಅಂವ ಎಲ್ಲಾರ ರೊಕ್ಕ ಬಳಕೊಂಡು ಹೋದ.”

ಅವನ ಮಾತೇ ಸರಿ. ನಮ್ಮ ಒಪ್ಪಿಗೆಯಿಲ್ಲದೆ ಒಯ್ದರೆ ಕಳವು. ನಂಬಿಸಿ ನಮ್ಮ ಕೈಯಿಂದಲೇ ಕೊಡಿಸಿಕೊಂಡರೆ ವಂಚನೆ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 303ನೇ ಕಲಂ, ಇದು 318.

ಪತ್ರಿಕೆಗಳು ಡೀಫೈ (ಬ್ಯಾಂಕಿಲ್ಲದೆ ಕೋಡ್ ಮೂಲಕವೇ ನಡೆಯುವ ಕ್ರಿಪ್ಟೊ ವ್ಯವಹಾರ) ಅಪರಾಧಗಳಿಗೆಲ್ಲ ‘ಕನ್ನ’ ಎನ್ನುತ್ತವೆ. ರೋನಿನ್ ಎಂಬ ಕ್ರಿಪ್ಟೊ ಜಾಲದ ಪ್ರಕರಣಕ್ಕೆ ಆ ಪದ ಒಪ್ಪುತ್ತದೆ: 2022ರ ಮಾರ್ಚ್‌ನಲ್ಲಿ ಹಣ ಹೊರಬಿಡಲು ಒಪ್ಪಿಗೆ ಕೊಡುವ 9 ಕೀಲಿಗಳ ಪೈಕಿ 5 ಹೊರಗಿನವರ ಕೈಸೇರಿ, 1,73,600 ಈಥರ್ ನಾಣ್ಯ ಹೋಯಿತು. ರಗ್ ಪುಲ್‌ನಲ್ಲಿ ಗೋಡೆ ಒಡೆಯುವವರೇ ಇಲ್ಲ. ಟೋಕನ್ ಹುಟ್ಟಿಸಿದವನೇ ಒಂದು ಪೂಲ್ (ಕೊಡು-ಕೊಳ್ಳುವಿಕೆ ನಡೆಯುವ ಸಾಮೂಹಿಕ ನಿಧಿ) ಮಾಡಿ, ಅದರಲ್ಲಿ ತನ್ನ ಟೋಕನ್ನನ್ನೂ ಬೆಲೆಯುಳ್ಳ ಬೇರೊಂದು ನಾಣ್ಯವನ್ನೂ ಇಡುತ್ತಾನೆ. ಜನ ಬೆಲೆಯುಳ್ಳದ್ದನ್ನು ಸುರಿದು ಟೋಕನ್ ಒಯ್ಯುತ್ತಾರೆ. ಪೂಲ್ ತುಂಬಿದ ದಿನ ಅವನು ಅದನ್ನು ಬರಿದು ಮಾಡಿ ಹೊರಡುತ್ತಾನೆ.

ರಗ್ ಪುಲ್‌ಗೆ ‘ಜಮಖಾನೆ ಎಳೆತ’ ಎಂಬ ಅನುವಾದವನ್ನು ನೋಡಿದ್ದೇನೆ. ನಮ್ಮ ಕಡೆ ಯಾರ ಬಾಯಲ್ಲೂ ಅದು ಬಾರದು. ಗಂಜಿನಲ್ಲಿ, ಅಂದರೆ ದಲಾಲಿ ಮಾರುಕಟ್ಟೆಯಲ್ಲಿ, ‘ಐಪಿ ಹಾಕಿದ’ ಎನ್ನುತ್ತಾರೆ, ಇನ್‌ಸಾಲ್ವೆನ್ಸಿ ಪಿಟಿಷನ್ (ದಿವಾಳಿ ಅರ್ಜಿ) ಅನ್ನುವುದರ ಮೊಟಕು. ಆದರೆ ಐಪಿ ಹಾಕಿದವನು ‘ನನ್ನ ಬಳಿ ಏನೂ ಇಲ್ಲ’ ಎಂದು ಕೋರ್ಟಿಗಾದರೂ ಹೋಗುತ್ತಾನೆ. ಇವನ ಬಳಿ ಎಲ್ಲವೂ ಇದೆ.

ಹುಡುಗನ ‘ಬಳಕೊಂಡು ಹೋದ’ ಕೇಳಿದಾಗ ನನಗೆ ನೆನಪಾದದ್ದು ಹಗೇವು. ನೆಲದೊಳಗಿನ ಆ ಜೋಳದ ಕಣಜಕ್ಕೆ ಊರವರೆಲ್ಲ ಕಾಳು ಸುರಿದಿದ್ದಾರೆ, ತೋಡಿದವನೇ ರಾತ್ರೋರಾತ್ರಿ ತಳದವರೆಗೂ ಬಳಿದಿದ್ದಾನೆ. ಜನರ ಕೈಯಲ್ಲಿ ಚೀಟಿ ಉಳಿದಿದೆ, ಜೋಳವಿಲ್ಲ. ಪೂಲ್‌ಗೆ ‘ಹಗೇವು’ ಎಂದರೆ ರಗ್ ಪುಲ್‌ಗೆ ‘ಹಗೇವು ಬಳಿದ’ ಎಂಬ ಕ್ರಿಯಾಪದ ತಾನಾಗಿ ಒದಗುತ್ತದೆ. ನಾಮಪದ ಮಾತ್ರ ನನಗೆ ಹೊಳೆಯುತ್ತಿಲ್ಲ. ‘ಹಗೇವು ಬಳಿತ’ ಕಿವಿಗೆ ಹಿತವೇ?

ಇನ್ನೊಂದು ಪದವೂ ಬೇಕಾಗಿದೆ. ಪೂಲ್‌ನಿಂದ ಹಣ ತೆಗೆಯುವ ಹಕ್ಕನ್ನು ಇಂತಿಷ್ಟು ತಿಂಗಳು ಮಾಲೀಕನೂ ಮುಟ್ಟದಂತೆ ಕೋಡ್‌ನಲ್ಲೇ ಬಂಧಿಸಿಡುವ ‘ಲಿಕ್ವಿಡಿಟಿ ಲಾಕ್’ ಇದೆ. ಟೋಕನ್‌ಗಳ ಬಹುಪಾಲನ್ನು ತನ್ನಲ್ಲೇ ಇಟ್ಟುಕೊಂಡವನು ಒಮ್ಮೆಲೇ ಮಾರಿದರೆ ಈ ಬೀಗವೂ ಸಾಲದು; ಆದರೂ ರೊಕ್ಕ ಹಾಕುವ ಮೊದಲು ಕೇಳಲೇಬೇಕಾದ ಪ್ರಶ್ನೆ ಅದು. ಅದನ್ನು ನಮ್ಮ ಹುಡುಗರಿಗೆ ಅವರ ಮಾತಿನಲ್ಲೇ ಕಲಿಸಬೇಕು. ಹಗೇವಿನ ಬಾಯಿಗೆ ಬಂಡೆಯಿಟ್ಟು ಸುತ್ತ ಮಣ್ಣು ಮೆತ್ತುತ್ತಿದ್ದರಲ್ಲ, ಆ ಮುಚ್ಚಿಕೆಗೆ ಲಿಂಗಸುಗೂರು, ಕುಷ್ಟಗಿ ಕಡೆಯ ಹಿರಿಯರು ಏನೆನ್ನುತ್ತಿದ್ದರು? ಬಲ್ಲವರು ತಿಳಿಸಿ.