ಬೊರ್ಮಿಯೊದಲ್ಲಿ ಸ್ಕೀ: ಹೊಸಬರಿಗೆ ಆಗಿಬರುತ್ತಾ?

ಬಸವನಗುಡಿ_ಬಿಸಿಲು:
ಫೆಬ್ರವರಿಯಲ್ಲಿ ಇಟಲಿಗೆ ಹೊರಡೋ ಯೋಚನೆ. ಇಬ್ಬರು ದೊಡ್ಡವರು, ಒಂಬತ್ತು ವರ್ಷದ ಮಗಳು. ಮೂವರಿಗೂ ಸ್ಕೀ ಹೊಸದು, ಸಸ್ಯಾಹಾರಿಗಳು ಬೇರೆ. ಬೊರ್ಮಿಯೊದಲ್ಲಿ ಹಳೇ ಪೇಟೆ, ಬಿಸಿನೀರಿನ ಬುಗ್ಗೆ ಎರಡೂ ಇರೋದರಿಂದ ಮನಸ್ಸು ಅಲ್ಲೇ ನಿಂತಿದೆ. ಬೆಟ್ಟದ ಲಿಫ್ಟಿಗೆ ಆರು ದಿನದ ಪಾಸ್ ತಗೊಳ್ಳಬಹುದಾ?

ಹಿಮದಾರಿ:
ಊರು ಸರಿ, ಪಾಸ್ ಬೇಡ. ಊರಿರೋದು 1225 ಮೀಟರ್ ಎತ್ತರದಲ್ಲಿ, ಲಿಫ್ಟು ಚೀಮಾ ಬಿಯಾಂಕಾ ಶಿಖರದ 3012 ಮೀಟರ್‌ವರೆಗೂ ಹೋಗುತ್ತೆ. ಸ್ಕೀ ದಾರಿ ಒಟ್ಟು ಸುಮಾರು 50 ಕಿ.ಮೀ., ಕಲಿಯೋರಿಗೆ ಬೇಕಾಗೋದು ಅದರ ಒಂದು ಮೂಲೆ. ಮೊದಲೆರಡು ದಿನ ಬೆಳಿಗ್ಗೆ ಎರಡೆರಡು ಗಂಟೆ ಪಾಠ, ಆಮೇಲೆ ಕಾಲಿನ ಸ್ಥಿತಿ ನೋಡಿ ದಿನಕ್ಕೊಂದು ಪಾಸ್.

ಸಂಜೆ ಸ್ಕೀ ಮೇಲೇ ಊರಿಗೆ ಇಳಿಯೋ ಆಸೆ ಬಿಡಿ. ಕೆಳಗಿನ ಹಿಮ ಮಧ್ಯಾಹ್ನ ಕರಗಿ, ನೆರಳು ಬಿದ್ದದ್ದೇ ಗಾಜಿನ ಹಾಗೆ ಗಟ್ಟಿಯಾಗುತ್ತೆ. ಅಷ್ಟೊತ್ತಿಗೆ ತೊಡೆಯೂ ಸೋತಿರುತ್ತೆ. 'ಬೊರ್ಮಿಯೊ 2000' ಅನ್ನೋ ನಡುಬೆಟ್ಟದ ನಿಲ್ದಾಣದಿಂದ ಕೇಬಲ್ ಕಾರಲ್ಲೇ ಇಳಿದುಬಿಡಿ. 'ಸ್ಟೆಲ್ವಿಯೊ' ಅನ್ನೋ ಬೋರ್ಡ್ ಕಂಡರೆ ಆ ಕಡೆ ತಿರುಗಲೇಬೇಡಿ, ಅದು 2026ರ ಒಲಿಂಪಿಕ್ಸಿನ ಪುರುಷರ ಡೌನ್‌ಹಿಲ್‌ಗೆ (ಅತಿ ವೇಗದ ಸ್ಕೀ ಸ್ಪರ್ಧೆ) ಆರಿಸಿದ ಇಳಿಜಾರು.

ಉಣ್ಣೆಟೋಪಿ:
ಬಾಡಿಗೆ ಬೂಟಿನ ವಿಷಯದಲ್ಲಿ ಆತುರ ಬೇಡ. ನೆಟ್ಟಗೆ ನಿಂತರೆ ಬೆರಳತುದಿ ಮುಂದಕ್ಕೆ ತಾಗಬೇಕು, ಮೊಣಕಾಲು ಬಗ್ಗಿಸಿದರೆ ಹಿಂದೆ ಸರಿಯಬೇಕು, ಹಿಮ್ಮಡಿ ಏಳಕೂಡದು. ಚಳಿ ಅಂತ ಎರಡು ಜೊತೆ ಕಾಲುಚೀಲ ಹಾಕಿದರೆ ಮಡಿಕೆ ಬಿದ್ದು ಒತ್ತುತ್ತೆ, ರಕ್ತ ಓಡದೆ ಪಾದ ಇನ್ನೂ ಮರಗಟ್ಟುತ್ತೆ. ತೆಳು ಉಣ್ಣೆಯದು ಒಂದೇ ಜೊತೆ ಸಾಕು. ಅಂಗಡಿಯವನಿಗೆ ನಿಜವಾದ ತೂಕ ಹೇಳಿ (ಇಲ್ಲಿ ನಾಚಿಕೆ ಕೆಲಸಕ್ಕೆ ಬರಲ್ಲ). ಬಿದ್ದಾಗ ಬೂಟು ಸ್ಕೀಯಿಂದ ಕಳಚಿಕೊಳ್ಳೋ ಬಿಗಿಯನ್ನ ಅದರ ಲೆಕ್ಕದಲ್ಲೇ ಹೊಂದಿಸೋದು. ಅತಿ ಬಿಗಿಯಾದರೆ ಮೊಣಕಾಲು ತಿರುಚುತ್ತೆ.

ಹೆಲ್ಮೆಟ್ ಮೂವರಿಗೂ ಬೇಕು. ಬೇರೆಯವರಿಗೆ ಗುದ್ದಿದರೆ ನಷ್ಟ ಕಟ್ಟಿಕೊಡೋ ವಿಮೆ ಇಟಲಿಯಲ್ಲಿ 2022ರಿಂದ ಕಡ್ಡಾಯ. ವೀಸಾಕ್ಕೆ ಮಾಡಿಸೋ 30,000 ಯುರೋ ಪಾಲಿಸಿಯಲ್ಲಿ ಸ್ಕೀ ಸೇರಿದೆಯಾ ಅಂತ ಓದಿ ನೋಡಿ, ಎಷ್ಟೋ ಪಾಲಿಸಿಗಳಲ್ಲಿ ಇರಲ್ಲ.

ಬಸವನಗುಡಿ_ಬಿಸಿಲು:
ಥ್ಯಾಂಕ್ಸ್. ಬೊಲ್ಜಾನೊ ಕಡೆಯಿಂದ ಕಾರಲ್ಲಿ ಬಂದರೆ ಸ್ಟೆಲ್ವಿಯೊ ಘಾಟಿ ಹತ್ತಿರ ಅಲ್ವಾ?

ಹಿಮದಾರಿ:
ಮ್ಯಾಪಲ್ಲಿ ಹತ್ತಿರ. 2757 ಮೀಟರ್ ಎತ್ತರದ ಆ ಘಾಟಿ ಚಳಿಗಾಲ ಪೂರ್ತಿ ಬಂದ್. ಮಿಲಾನಿಂದ ರೈಲಲ್ಲಿ ತಿರಾನೊಗೆ ಸುಮಾರು ಎರಡೂವರೆ ಗಂಟೆ, ಅಲ್ಲಿಂದ ಬಸ್ಸಲ್ಲಿ ಇನ್ನೊಂದು ಗಂಟೆ. ರೈಲಲ್ಲಿ ಎಡಗಡೆ ಕೂತರೆ ಕೋಮೊ ಸರೋವರ ಪಕ್ಕದಲ್ಲೇ ಬರುತ್ತೆ.

ಉಣ್ಣೆಟೋಪಿ:
ಊಟಕ್ಕೆ ಪಿಟ್ಸೊಕ್ಕೆರಿ ಕೇಳಿ: ಬಕ್‌ವೀಟ್ ಹಿಟ್ಟಿನ ಅಗಲ ಪಾಸ್ತಾ, ಆಲೂಗಡ್ಡೆ, ಕೋಸು, ಬೆಳ್ಳುಳ್ಳಿ ಹಾಕಿದ ಬೆಣ್ಣೆ, ಚೀಸ್. ಮಾಂಸ ಇಲ್ಲ, ಆದರೆ ಅದಕ್ಕೆ ಹಾಕೋ ಕಜೇರಾ ಚೀಸಿಗೆ ಹಾಲು ಒಡೆಸೋದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಅದು ನಡೆಯಲ್ಲ ಅಂದರೆ ಅಡುಗೆಮನೆ ಇರೋ ಮನೆಯನ್ನೇ ಬಾಡಿಗೆಗೆ ಹಿಡಿಯಿರಿ. 'ಬ್ರೆಸಾವೊಲಾ' ಅಂತಿದ್ದರೆ ಅದು ಒಣಗಿಸಿದ ದನದ ಮಾಂಸ, ಎಷ್ಟೋ ಕಡೆ ಸಲಾಡ್ ಮೇಲೂ ಹರಡಿರ್ತಾರೆ.