ಪಂಚಕಜ್ಜಾಯ ತಿನ್ನಬಹುದಾ? ಸತ್ಯ ಒಂದೇ ಆದರೆ ಉತ್ತರ ಎರಡು ಯಾಕೆ?

ಪ್ರಶ್ನೆ (ಉಡುಪಿ): ಪಕ್ಕದ ಮನೆಯವರು ಪೂಜೆ ಮುಗಿಸಿ ಪಂಚಕಜ್ಜಾಯ ಕೊಟ್ಟರೆ ಕ್ರೈಸ್ತರು ತಿನ್ನಬಹುದಾ? ಕೆಲವರು ಹೌದು ಅಂತಾರೆ, ಕೆಲವರು ಪಾಪ ಅಂತಾರೆ. ದೇವರ ಸತ್ಯ ಸಂದರ್ಭ ನೋಡಿ ಬದಲಾಗುತ್ತದಾ?

ಉತ್ತರ 1: ಸತ್ಯ ಬದಲಾಗುವುದಿಲ್ಲ, ನಡತೆ ಬದಲಾಗುತ್ತದೆ. ಬೈಬಲಿನ 1 ಕೊರಿಂಥ (ಕೊರಿಂಥದ ಸಭೆಗೆ ಪೌಲ ಬರೆದ ಮೊದಲ ಪತ್ರ) 8ರಿಂದ 10ನೇ ಅಧ್ಯಾಯದ ತನಕ ಒಟ್ಟಿಗೆ ಓದಿ. ಒಂದೇ ವಚನ ಹಿಡಿದು ಹೊರಟರೆ ಎಡವಟ್ಟು. ದೇವರು ಒಬ್ಬನೇ (8:4), ಅದು ಕದಲದ ಮಾತು. ಆದರೆ ಅಂಗಡಿಯ ಮಾಂಸವನ್ನು ವಿಗ್ರಹಕ್ಕೆ ಅರ್ಪಿಸಿದ್ದೋ ಎಂದು ವಿಚಾರಿಸದೆ ತಿನ್ನಿ ಎನ್ನುವ ಪೌಲನೇ (10:25), ಇದು ಬಲಿಯರ್ಪಿಸಿದ್ದು ಎಂದು ಯಾರಾದರೂ ತಿಳಿಸಿದರೆ ತಿನ್ನಬೇಡಿ ಎನ್ನುತ್ತಾನೆ (10:28). ಮಾಂಸ ಅದೇ, ನೋಡುವವನ ಮನಸ್ಸಾಕ್ಷಿ ಬೇರೆ.

ಉತ್ತರ 2: ಹಾಗಂತ ಎಲ್ಲದಕ್ಕೂ 'ಸಂದರ್ಭ' ಅಂದುಬಿಟ್ಟರೆ ಆಗಲಿಕ್ಕಿಲ್ಲ. ಪೂಜೆಯ ಪಂಕ್ತಿಯಲ್ಲೇ ಪಾಲುಗೊಳ್ಳುವುದಕ್ಕೆ 10:20-21ರಲ್ಲಿ ರಿಯಾಯಿತಿ ಇಲ್ಲ. ಇನ್ನು ಪಂಚಕಜ್ಜಾಯವನ್ನು ಪ್ರಸಾದ ಅಂತ ಹೇಳಿಯೇ ಕೊಡುತ್ತಾರಲ್ಲ? 10:25 ಇಲ್ಲಿಗೆ ಹೊಂದುವುದು ಕಷ್ಟ.

ಉತ್ತರ 3: ಅಪೊಸ್ತಲರ ಕೃತ್ಯಗಳು 15 ಕೂಡ ನೋಡಿ. ಕೃಪೆಯಿಂದಲೇ ರಕ್ಷಣೆ (15:11), ಇದು ಸಿದ್ಧಾಂತ. ವಿಗ್ರಹಕ್ಕೆ ಅರ್ಪಿಸಿದ್ದನ್ನು ಬಿಡಿ ಎಂಬ ಅಪೊಸ್ತಲರ ಸಭೆಯ ತೀರ್ಪಿನ ಬೆನ್ನಿಗೇ, ಮೋಶೆಯ ಗ್ರಂಥ (ಯೆಹೂದ್ಯರ ಧರ್ಮಶಾಸ್ತ್ರ) ಊರೂರಲ್ಲಿ ಓದಲಾಗುತ್ತದೆ (15:21) ಎಂಬ ಕಾರಣವೂ ಇದೆ. ಆಜ್ಞೆ ಕಂಡಾಗ ಕಾರಣ ಎಲ್ಲಿದೆ ಎಂದು ಮೊದಲು ಹುಡುಕಿ. ತಿನ್ನದಿದ್ದರೂ ಕೊಟ್ಟವರೆದುರು ಮುಖ ಸಿಂಡರಿಸಬೇಡಿ. ಯಾರಿಗೂ ಅಡ್ಡಿಯಾಗಬೇಡಿ ಎಂಬ 1 ಕೊರಿಂಥ 10:32ರ ಮಾತು ಹೊರಗಿನವರನ್ನೂ ಸೇರಿಸಿಯೇ ಹೇಳಿದ್ದು.