ಟ್ರಾಜನನ ನಾಣ್ಯವೋ, ಹೇಡ್ರಿಯನನದೋ?

ಪ್ರಶ್ನೆ: ನನ್ನಲ್ಲಿರುವ ರೋಮನ್ ಡಿನೇರಿಯಸ್ (ಬೆಳ್ಳಿಯ ನಾಣ್ಯ) ಒಂದು 3.2 ಗ್ರಾಂ ತೂಗುತ್ತದೆ; ಅದರ ಸುತ್ತುಬರಹದಲ್ಲಿ ‘ಟ್ರಾಯನ್’ ಎಂಬಷ್ಟು ಅಕ್ಷರಗಳು ಮಾತ್ರ ಉಳಿದಿವೆ. ಇದನ್ನು ಟ್ರಾಜನ್ ಚಕ್ರವರ್ತಿಯ ನಾಣ್ಯವೆಂದು ನಿರ್ಧರಿಸಬಹುದೇ?

ಉತ್ತರ 1: ಅಷ್ಟರಿಂದಲೇ ನಿರ್ಧರಿಸಲಾಗದು. ಟ್ರಾಜನನ (ಕ್ರಿ.ಶ. 98–117) ನಂತರ ಪಟ್ಟಕ್ಕೆ ಬಂದ ಹೇಡ್ರಿಯನ್ ತನ್ನ ಆರಂಭದ ನಾಣ್ಯಗಳಲ್ಲಿ ಅವನ ಹೆಸರನ್ನೂ ಸೇರಿಸಿಕೊಂಡಿದ್ದರಿಂದ, ಬರಹಕ್ಕಿಂತ ಮೊದಲು ಮುಖವನ್ನು ನೋಡುವುದು ಒಳ್ಳೆಯದು: ಟ್ರಾಜನನಿಗೆ ಗಡ್ಡವಿಲ್ಲ, ಕೂದಲು ಹಣೆಯ ಮೇಲೆ ನೇರವಾಗಿ ಇಳಿದಿರುತ್ತದೆ, ಹೇಡ್ರಿಯನನಿಗೆ ಗಡ್ಡವೂ ಗುಂಗುರು ಕೂದಲೂ ಇರುತ್ತವೆ.

ಉತ್ತರ 2: ತೂಕದ ಬಗ್ಗೆ ಅನುಮಾನ ಬೇಡ. ಕ್ರಿ.ಶ. 64ರಲ್ಲಿ ನೀರೋ ಡಿನೇರಿಯಸ್‌ನ ತೂಕವನ್ನು ಸುಮಾರು 3.9 ಗ್ರಾಂನಿಂದ ಸುಮಾರು 3.4 ಗ್ರಾಂಗೆ ಇಳಿಸಿದ್ದನಾದ್ದರಿಂದ, ಸವೆದ ಎರಡನೆಯ ಶತಮಾನದ ನಾಣ್ಯಕ್ಕೆ ಇದು ಸಹಜ. ಆದರೂ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ. ಸುತ್ತಲೂ ಬೆಸುಗೆಯಂಥ ಗೆರೆಯಿದ್ದರೆ ಅದು ಎರಕದ ನಕಲಿಯಾಗಿರಬಹುದು, ಒಳಗೆ ತಾಮ್ರ ಇಣುಕಿದರೆ ಬೆಳ್ಳಿಯ ಹೊದಿಕೆಯ ಪ್ರಾಚೀನ ಖೋಟಾ ನಾಣ್ಯವಿರಬಹುದು. (ಎರಡನೆಯದನ್ನು ನಾನಂತೂ ಸಂತೋಷದಿಂದ ಇಟ್ಟುಕೊಳ್ಳುತ್ತೇನೆ.)

ಪ್ರಶ್ನೆ ಕೇಳಿದವರು: ಗಡ್ಡ ಸ್ಪಷ್ಟವಾಗಿದೆ. ಹಿಂಬದಿಯಲ್ಲಿ ‘ಕಾಸ್’ ಎಂಬ ಅಕ್ಷರಗಳೂ ಮೂರು ಗೀಟುಗಳೂ ಕಾಣುತ್ತವೆ.

ಉತ್ತರ 1: ಹಾಗಾದರೆ ಹೇಡ್ರಿಯನನೇ. ‘ಕಾಸ್’ ಎಂಬುದು ರೋಮಿನ ಉನ್ನತ ಅಧಿಕಾರ ಪದವಿಯಾದ ಕಾನ್ಸುಲ್‌ನ ಸಂಕ್ಷೇಪ, ಮೂರು ಗೀಟುಗಳೆಂದರೆ ಮೂರನೆಯ ಬಾರಿ. ಹೇಡ್ರಿಯನ್ ಮೂರನೆಯ ಬಾರಿ ಕಾನ್ಸುಲ್ ಆದದ್ದು 119ರಲ್ಲಿ; ‘ಟ್ರಾಯನ್’ ಇರುವ ಬರಹ ಸುಮಾರು 125ರ ಹೊತ್ತಿಗೆ ನಿಂತುಹೋಗುವುದರಿಂದ, ನಿಮ್ಮ ನಾಣ್ಯ ಈ ಎರಡರ ನಡುವಿನದು.